ಹೊರಬಿದ್ದವನ ಜೊತೆ ಹೊರಟವರು

ಮೀಟಾ ಬೆಳೆದದ್ದು ಕತ್ತೆಗಾಡಿಯಲ್ಲಿ. ದಕ್ಷಿಣ ಆಫ್ರಿಕಾದ ನಮ್ಮ ಕರೂ ಬಯಲಿನಲ್ಲಿ ಕುರಿಯುಣ್ಣೆ ಕತ್ತರಿಸುತ್ತ ಫಾರ್ಮಿನಿಂದ ಫಾರ್ಮಿಗೆ ಅಲೆಯುವವರ ಪಾಲಿಗೆ ಅದೇನೂ ಅವಮಾನವಲ್ಲ. ಐವತ್ತರ ಹೊತ್ತಿಗೆ ಅವಳಿಗೆ ಊರಂಚಿನಲ್ಲಿ ಎರಡು ಕೋಣೆಯ ಸರ್ಕಾರಿ ಮನೆ ಸಿಕ್ಕಿತು; ಗುಡ್ಡದ ಮೇಲೆ ನಕ್ಷತ್ರ ನೋಡುವ ದೂರದರ್ಶಕದವರ ವಸತಿಗೃಹದಲ್ಲಿ ಕಸ ಗುಡಿಸುವ ಕೆಲಸವೂ ಸಿಕ್ಕಿತು. ಅವಳಪ್ಪ ಕರೂಲ್ಸ್ ಮಾತ್ರ ತನ್ನ ಕತ್ತೆಗಳನ್ನೂ ರಸ್ತೆ ಬದಿಯ ಗೋಣಿ ಗುಡಾರವನ್ನೂ ಬಿಟ್ಟು ಕದಲಲಿಲ್ಲ. ಎಂಬತ್ತರ ಮುದುಕ, ಎದೆಯಲ್ಲಿ ಗೊರಗೊರ, ಹಿಮ ಬೀಳುವ ತಿಂಗಳು ಬೇರೆ ಹತ್ತಿರ. ಈ ಚಳಿಗಾಲ ಗುಡಾರದಲ್ಲಿ ಕಳೆದರೆ ಉಳಿಯಲಾರ ಎಂದು ನರ್ಸ್ ಕಡ್ಡಿ ಮುರಿದಂತೆ ಹೇಳಿದ್ದಳು.

ಮುದುಕನದು ಬರೀ ಹಟವಲ್ಲ. ಮೀಟಾ ಏಳು ವರ್ಷದವಳಿದ್ದಾಗ ಅವನು ಮೇಸ್ತ್ರಿಯ ಕಪಾಳಕ್ಕೆ ಬಾರಿಸಿದ್ದ. ಫಾರ್ಮಿನವರು ಸಂಸಾರ ಸಮೇತ ಹೊರದಬ್ಬಿದರು. ಮರುವರ್ಷ ಹೆಂಡತಿ ಹೆರಿಗೆಯಲ್ಲಿ ರಸ್ತೆಯಲ್ಲೇ ತೀರಿಕೊಂಡಳು. ನಿಮ್ಮನ್ನು ಬೀದಿಗೆ ಎಳೆದವನು ನಾನು, ಯಾವ ಮುಖ ಇಟ್ಟುಕೊಂಡು ನಿನ್ನ ಮನೆಗೆ ಬರಲಿ ಎಂದು, ಕರೆದಾಗಲೆಲ್ಲ ಅದೇ ರಾಗ.

ಕೆಲಸದ ಮೊದಲ ವಾರವೇ ಮೀಟಾ ಒಂದು ಎಡವಟ್ಟು ಮಾಡಿದ್ದಳು. ಉಣ್ಣೆಯವರ ಬಿಡಾರದಲ್ಲಿ ಬೆಳಗಿನ ಕಾಫಿ ಕುದಿದ ಮೇಲೆ ಯಾರನ್ನೂ ಮಲಗಲು ಬಿಡುವುದಿಲ್ಲ. ಮಲಗಿದವನು ಕಾಯಿಲೆಯವನೆಂದೇ ಅರ್ಥ. ಇವಳು ಏಳು ಗಂಟೆಗೆ ಕಾಫಿ ಹಿಡಿದು ಎಲ್ಲ ಬಾಗಿಲನ್ನೂ ಬಡಿದಳು. ರಾತ್ರಿಯಿಡೀ ಆಕಾಶ ನೋಡಿ ಆಗಷ್ಟೇ ಕಣ್ಣು ಮುಚ್ಚಿದ್ದ ವಿಜ್ಞಾನಿಗಳು ಉರಿದುಬಿದ್ದರು. ಬುಸಿಸ್ವಾ ಎಂಬ ಹುಡುಗಿ ಮಾತ್ರ ನಗುತ್ತ ಎದ್ದು ಕುಳಿತು ಕುಡಿದಳು. ಅಂದಿನಿಂದ ಇಬ್ಬರಿಗೂ ದೋಸ್ತಿ.

ರಾತ್ರಿಯೆಲ್ಲ ಏನು ಹುಡುಕುತ್ತೀಯ ತಾಯಿ ಎಂದು ಒಂದು ಮಧ್ಯಾಹ್ನ ಮೀಟಾ ಕೇಳಿದಳು. ಮನೆಯಿಂದ ಹೊರಬಿದ್ದ ಕಪ್ಪುಕುಳಿಯನ್ನು ಎಂದಳು ಬುಸಿಸ್ವಾ. ಎರಡು ಕಪ್ಪುಕುಳಿಗಳು ಡಿಕ್ಕಿಯಾಗಿ ಒಂದಾಗುವಾಗ ಒಮ್ಮೊಮ್ಮೆ ಎಂಥ ಒದೆ ಬೀಳುತ್ತದೆಂದರೆ, ಒಂದಾದ ಕುಳಿ ತನ್ನ ಗ್ಯಾಲಕ್ಸಿಯನ್ನೇ ಬಿಟ್ಟು ಕತ್ತಲಿಗೆ ಹಾರಿಹೋಗುತ್ತದಂತೆ.

"ಪಾಪ, ಒಂಟಿಯಾಗೇ ಹೋಗುತ್ತಾ?"

"ಇಲ್ಲ ಮೀಟಕ್ಕ. ತೀರಾ ಹತ್ತಿರ ಇದ್ದ ನಕ್ಷತ್ರಗಳು ಅದನ್ನ ಬಿಡಲ್ಲ. ಜೊತೆಗೇ ಹೊರಟುಬಿಡ್ತವೆ."

ಮೀಟಾ ಪೊರಕೆ ಅಲ್ಲೇ ಬಿಟ್ಟು ಗುಡ್ಡ ಇಳಿದಳು. ಗುಡಾರದಲ್ಲಿ ಅಪ್ಪನ ಪಕ್ಕ ಕುಳಿತು ಕೇಳಿದ್ದನ್ನೆಲ್ಲ ಹೇಳಿದಳು. ಮುದುಕ ಕೆಮ್ಮುತ್ತ, ಆ ನಕ್ಷತ್ರಗಳಿಗೆ ಬೇರೆ ಗತಿ ಇರಲಿಲ್ಲ ಬಿಡು ಎಂದ.

"ಅವಕ್ಕೆ ಇರಲಿಲ್ಲವೇನೋ. ಅಮ್ಮನಿಗೆ ಇತ್ತಲ್ಲಪ್ಪಾ. ಎರಡು ಫಾರ್ಮಿನಾಚೆ ತವರಿತ್ತು. ನೀನು ಆಚೆ ಕತ್ತೆ ಹೂಡ್ತಿದ್ದಾಗ ಮಾವ ಬಂದು ಕರೆದ. ಅವರನ್ನ ಬಿಟ್ಟು ಬರಲ್ಲ ಅಂದಳು. ನನ್ನನ್ನ ಗಾಡಿಗೆ ಎತ್ತಿ ಹಾಕಿ ತಾನೂ ಹತ್ತಿದಳು."

ಇಷ್ಟು ವರ್ಷ ಇದನ್ನು ಬಾಯಿಬಿಡದ ಮೀಟಾಗೆ ಬೈಯಬೇಕು. ಅಪ್ಪನಿಗೆ ಗೊತ್ತೇ ಇದೆ ಎಂದು ಅವಳು ತಿಳಿದಿದ್ದಳು!

"ನಿನ್ನ ಮಾವ ಬಂದಿದ್ನಾ?" ಮುದುಕ ಅವಳ ಕೈ ಹಿಡಿದುಕೊಂಡ.

"ಬಂದಿದ್ದ. ನೀನು ನಮ್ಮನ್ನ ಎಳ್ಕೊಂಡು ಹೋಗಲಿಲ್ಲಪ್ಪಾ. ನಾವೇ ಬಂದ್ವಿ."

ಕರೂಲ್ಸ್ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಎಷ್ಟೋ ಹೊತ್ತು ಅತ್ತ. ಮೀಟಾ ಬೆನ್ನು ಸವರಿದಳು. ಕೊನೆಗೆ ಅವನು ಮೂಗು ಒರೆಸಿಕೊಂಡು ಕೇಳಿದ:

"ನಿನ್ನ ಮನೆ ಹತ್ರ ಕತ್ತೆಗಳನ್ನ ಎಲ್ಲಿ ಕಟ್ಟೋದೇ?"