ಹಕಾರವಿಲ್ಲದ ಕಾರ್ಡು

ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಹೊಂದಿಕೊಂಡಿರುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೋಮಲಳಿಗೆ ಈಗ ನಲವತ್ತೆರಡು. ಲಗ್ನಪತ್ರಿಕೆ, ತಿಥಿ ಕಾರ್ಡು, ಚುನಾವಣೆಯ ಕರಪತ್ರ, ವಿಸಿಟಿಂಗ್ ಕಾರ್ಡು, ಯಾವುದೇ ಇರಲಿ, ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರ ಒಳ್ಳೆಯದು ಕೆಟ್ಟದ್ದೆಲ್ಲ ಅವಳ ಬೆರಳಿನ ಕೆಳಗೆ ಹಾದೇ ಹೋಗಬೇಕು. ಅವಳ ಬಗ್ಗೆ ಪೇಟೆಯಲ್ಲಿ ಒಂದು ಮಾತಿದೆ: ಕೋಮಲಮ್ಮ ಟೈಪು ಮಾಡಿದರೆ ಹಕಾರ ತಪ್ಪುವುದಿಲ್ಲ.

ಇದೇನು ಮಹಾ ಹೊಗಳಿಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಈ ಸೀಮೆಯಲ್ಲಿ ಹಕಾರವೆಂದರೆ ದೂರದ ನೆಂಟನಿದ್ದ ಹಾಗೆ. ಬಂದರೆ ಕೂರಿಸುತ್ತಾರೆ, ಬಾರದಿದ್ದರೆ ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಇಲ್ಲಿಯ ಜನ ಆಲು ಕರೆಯುತ್ತಾರೆ, ಊವು ಮುಡಿಯುತ್ತಾರೆ, ಅನೂರಿಗೆ ಓಗಿ ಬರುತ್ತಾರೆ. ಅದರಿಂದ ಇವತ್ತಿನವರೆಗೆ ಹಾಲೇನೂ ಒಡೆದಿಲ್ಲ, ಹೂವೇನೂ ಬಾಡಿಲ್ಲ. ಆದರೆ ಬಾಯಿಗೆ ಇರುವ ಸಲಿಗೆ ಅಚ್ಚಿಗೆ ಇಲ್ಲ. ಬಾಯಲ್ಲಿ ಬಿಟ್ಟದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬಿಟ್ಟದ್ದು ಕಣ್ಣಿಗೆ ಚುಚ್ಚುತ್ತದೆ.

ಕೋಮಲ ಇದನ್ನು ಕಲಿತದ್ದು ಮೈಸೂರಿನಲ್ಲಿ. ಹನೂರು ಬಳಿಯ ಶಾಗ್ಯವೆಂಬ ಹಳ್ಳಿಯ ಹುಡುಗಿ ಇಪ್ಪತ್ತೆರಡನೆಯ ವಯಸ್ಸಿಗೆ ಅಲ್ಲಿನ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಸೇರಿದ್ದಳು. ಮೂರನೆಯ ತಿಂಗಳಲ್ಲಿ ಒಂದು ಲಗ್ನಪತ್ರಿಕೆಯ ತಲೆಯ ಮೇಲೆ 'ಆರ್ದಿಕ ಸುಸ್ವಾಗತ' ಎಂದು ಹೊಡೆದಳು. ಪ್ರೂಫು ಹುಡುಗನ ಕಡೆಯವರೂ ನೋಡಿದ್ದರು, ಮಾಲೀಕನೂ ನೋಡಿ ಸಹಿ ಹಾಕಿದ್ದ. ಐನೂರು ಪ್ರತಿ ಅಚ್ಚಾದ ಮೇಲೆ ತಪ್ಪು ಮಾತ್ರ ಅವಳೊಬ್ಬಳದಾಯಿತು. "ನಿಮ್ಮೂರಲ್ಲಿ ಹಕಾರಕ್ಕೆ ಬರಗಾಲವೇನಮ್ಮಾ? ಇಲ್ಲಿಂದ ಒಂದು ಮೂಟೆ ಕಳಿಸಿಕೊಡಲಾ?" ಎಂದು ಮಾಲೀಕ ಎಲ್ಲರೆದುರಿಗೆ ಕೇಳಿದ. ಮೆಷಿನ್ ಓಡಿಸುವವನೂ ನಕ್ಕ, ಪತ್ರಿಕೆ ಒಯ್ಯಲು ಬಂದವರೂ ನಕ್ಕರು. ಮುಂದಿನ ಸೋಮವಾರದಿಂದ ಅವಳು ಅತ್ತ ಕಡೆ ತಲೆ ಹಾಕಲಿಲ್ಲ.

ಊರಿಗೆ ಬಂದವಳು ದಿನಾ ಪೇಪರು ಹಿಡಿದು ಗಟ್ಟಿಯಾಗಿ ಓದತೊಡಗಿದಳು. ಹಬ್ಬ, ಹಣ, ಹೆದ್ದಾರಿ, ಹೈಕೋರ್ಟು. "ಏನವ್ವಾ ಇದು, ಬೆಟ್ಟ ಅತ್ತಿ ಬಂದೋಳಂಗೆ ಏದುಸ್ರು ಬುಡ್ತಾ ಕೂತಿದ್ದೀಯೆ" ಎಂದು ಅವಳ ಅವ್ವನಿಗೆ ಗಾಬರಿಯಾಗಿತ್ತು. ಆರು ತಿಂಗಳಲ್ಲಿ ನಾಲಿಗೆ ಪಳಗಿತು. ಆಮೇಲೆ ಕೊಳ್ಳೇಗಾಲದ ಈ ಪ್ರೆಸ್ಸು ಸೇರಿದಳು. ಸುಮಾರು ಇಪ್ಪತ್ತು ವರ್ಷ, ಮನೆಯಲ್ಲಿ ಕೂಡ ಅವಳ ಬಾಯಿಂದ ಒಂದು ಹಕಾರ ಜಾರಿರಲಿಲ್ಲ. ಗಂಡ ತಮಾಷೆ ಮಾಡಿದರೆ ನಗುತ್ತಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬುಧವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಪ್ರೆಸ್ಸಿಗೆ ಬಂದರು. ಗಂಡ ಚಿಕ್ಕಮಾದಪ್ಪ, ಅರವತ್ತು ದಾಟಿದ ಗಟ್ಟಿ ಆಳು. ಕುತ್ತಿಗೆಯ ಮುಂಭಾಗಕ್ಕೆ ಮಕ್ಕಳ ಜೊಲ್ಲುಬಟ್ಟೆಯಂಥ ಒಂದು ಬಿಳಿ ಬಟ್ಟೆ ಕಟ್ಟಿಕೊಂಡಿದ್ದ. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು. ಹೆಂಡತಿ ಗುರುಸಿದ್ದಮ್ಮ ಕುರ್ಚಿ ಎಳೆದುಕೊಂಡು ಕೂತಳು.

"ಇವ್ರುಗೊಂದು ಕಾರ್ಡು ಮಾಡ್ಕೊಡವ್ವ. ಎಲ್ರೂ ಕೊಡ್ತಾರಲ್ಲ, ಅಂಥದ್ದು."

"ಏನು ವ್ಯಾಪಾರ ಅಮ್ಮಾ?"

"ಎಣ್ಣೆ ಕಣವ್ವ. ಅಳ್ಳೆಣ್ಣೆ, ಉಚ್ಚೆಳ್ಳೆಣ್ಣೆ, ಒಂಗೆಣ್ಣೆ. ಮೂವತ್ತೈದು ವರ್ಸಾಯ್ತು. ಮೊದ್ಲು ಸೈಕಲ್ನಲ್ಲಿ, ಈಗ ಮೊಪೆಡ್ನಲ್ಲಿ. ಅನೂರು, ಶಾಗ್ಯ, ಆ ಕಡೆ ಊರುಗಳಲ್ಲೆಲ್ಲಾ ಇವ್ರು ಬೀದಿ ಬಾಯಲ್ಲಿ ನಿಂತು ಒಂದ್ಸಲ ಕೂಗುದ್ರೆ ಸಾಕು, ಎಂಗುಸ್ರು ಸೀಸೆ ಇಡ್ಕಂಡು ಈಚ್ಗೆ ಬರೋರು. ಈಗ ಕೂಗಂಗಿಲ್ಲ. ಗಂಟ್ಲಲ್ಲಿ ಗಡ್ಡೆ ಆಯ್ತು. ಆಪ್ರೇಸನ್ ಮಾಡಿ ಧ್ವನಿ ಪೆಟ್ಗೇನೇ ತಗ್ದಾಕ್ಬುಟ್ರು. ಒಂಬತ್ತು ತಿಂಗ್ಳಾಯ್ತು."

ಚಿಕ್ಕಮಾದಪ್ಪ, ಬೇರೆ ಯಾರದೋ ಸುದ್ದಿ ಎನ್ನುವಂತೆ ಬಾಗಿಲ ಕಡೆ ನೋಡುತ್ತ ಕೂತಿದ್ದ.

"ಮೈಕ್ ಹಾಕಿಕೊಂಡು ಹೋಗಬಹುದಲ್ಲಾ?" ಎಂದಳು ಕೋಮಲ.

"ಆಕ್ಸಿದ್ವಿ. ನನ್ ತಂಗಿ ಮಗನ ಕೈಲಿ ಕೂಗ್ಸಿ ಆಕ್ಸಿದ್ವಿ. ಪಾತ್ರೆಯೋರ್ದೂ ಮೈಕು, ಕುರ್ಚಿಯೋರ್ದೂ ಮೈಕು, ಉಪ್ಪಿನೋರ್ದೂ ಮೈಕು. ಯಾರೂ ಬಾಗ್ಲೇ ತಗೀನಿಲ್ಲ."

"ಇವರದೇ ಧ್ವನಿ ಯಾರಾದರೂ ರೆಕಾರ್ಡ್ ಮಾಡಿರಲಿಲ್ಲವಾ?"

"ಇರೋಗಂಟ ಯಾರವ್ವ ರೆಕಾಡ್ ಮಾಡ್ಕತಾರೆ?"

ಅಷ್ಟರಲ್ಲಿ ಚಿಕ್ಕಮಾದಪ್ಪ ನೋಟ್‌ಬುಕ್ಕಿನಲ್ಲಿ ಏನೋ ಗೀಚಿ ಅವಳ ಕಡೆ ತಿರುಗಿಸಿದ. ನಾಲ್ಕನೇ ಕ್ಲಾಸಿನ ದಪ್ಪ ದಪ್ಪ ಅಕ್ಷರ, ಕಾರ್ಡಿಗೆ ಅರ್ಕಾವತ್ತಿಲ್ಲ: 'ಕಾಡು ನೋಡುದ್ರೆ ನಾನೆ ಬಂದಂಗೆ ಇರಬೇಕು.'

ಅವನ ಲೆಕ್ಕಾಚಾರ ಸರಳವಾಗಿತ್ತು. ಮನೆ ಮನೆಯ ಬಾಗಿಲು ತಟ್ಟಿ ಕಾರ್ಡು ಕೊಡುವುದು. ಒಳಗೆ ಯಾರಾದರೂ ಓದಿ ಹೇಳುತ್ತಾರೆ, ಎಣ್ಣೆಯವನು ಬಂದಿದ್ದಾನೆಂದು ಗೊತ್ತಾಗುತ್ತದೆ. ಬೇಕಾದಾಗ ಫೋನು ಮಾಡಲು ಹೆಂಡತಿಯ ನಂಬರು. ಇದೂ ಕೈಕೊಟ್ಟರೆ ಗಾಡಿ ಮಾರಿ ಮನೆಯಲ್ಲಿ ಕೂರುವುದೆಂದು ಗಂಡ ಹೆಂಡತಿ ಮಾತಾಡಿಕೊಂಡೇ ಬಂದಿದ್ದರು. ಗುರುಸಿದ್ದಮ್ಮ ಅದನ್ನೂ ಹೇಳಿದಳು. "ಮನೇಲಿ ಕೂತ್ರೆ ಇವ್ರು ಉಳಿಯಾಕಿಲ್ಲ ಕಣವ್ವ" ಎಂದಳು.

ಕೋಮಲ ಎರಡು ದಿನ ಆ ಕಾರ್ಡಿಗೇ ಕೂತಳು. ಸಾಮಾನ್ಯವಾಗಿ ವಿಸಿಟಿಂಗ್ ಕಾರ್ಡೆಂದರೆ ಹಳೆಯದೊಂದನ್ನು ತೆರೆದು ಹೆಸರು ಬದಲಾಯಿಸಿದರೆ ಮುಗಿಯಿತು. ಬಾಡಿಗೆ ಕಾರಿನವನಿಗೂ ಬ್ಯೂಟಿ ಪಾರ್ಲರಿನವಳಿಗೂ ಅದೇ ಬಳ್ಳಿ, ಅದೇ ಬಣ್ಣ. ಇದಕ್ಕೆ ಹಾಗೆ ಮಾಡಲಿಲ್ಲ. ಎಣ್ಣೆಯ ಹಳದಿ ಬಣ್ಣ ಹುಡುಕಿದಳು. ಒಂದು ಕಡೆ ಹಿತ್ತಾಳೆ ದೀಪ, ಇನ್ನೊಂದು ಕಡೆ ಗಾಣ, ಸುತ್ತ ಹುಚ್ಚೆಳ್ಳಿನ ಹೂವಿನ ಅಂಚು. ನಡುವೆ ಹರಳೆಣ್ಣೆ, ಹುಚ್ಚೆಳ್ಳೆಣ್ಣೆ, ಹೊಂಗೆ ಎಣ್ಣೆ. ಸಾಲಾಗಿ ಮೂರು ಹಕಾರ, ಒಂದಕ್ಕೂ ಕುಂದಿಲ್ಲ. ಕೆಳಗೆ ಸಣ್ಣದಾಗಿ 'ಪ್ರೊ: ಚಿಕ್ಕಮಾದಪ್ಪ'. ಮಾಲೀಕ ಪ್ರಭುಸ್ವಾಮಿ ನೋಡಿ, "ಕೋಮಲಮ್ಮ, ಇದು ಎಣ್ಣೆ ಮಾರೋನ ಕಾರ್ಡಲ್ಲ, ಎಣ್ಣೆ ಮಿಲ್ಲಿನ ಧಣಿ ಕಾರ್ಡು" ಎಂದ. ಅವಳಿಗೂ ಒಳಗೊಳಗೇ ಹಿಗ್ಗಾಯಿತು. ಪೂರ್ತಿ ಅಚ್ಚಿಗೆ ಹಾಕುವ ಮೊದಲು ಮಾದರಿಗೆಂದು ಇಪ್ಪತ್ತು ಕಾರ್ಡು ತೆಗೆದುಕೊಟ್ಟಳು. ಚಿಕ್ಕಮಾದಪ್ಪ ಅದರ ಮೇಲೆ ಹೆಬ್ಬೆರಳಾಡಿಸಿ, ಕೈ ಮುಗಿದು, ಜೇಬಿಗೆ ಹಾಕಿಕೊಂಡು ಹೋದ.

ಮುಂದಿನ ಬುಧವಾರ ಗುರುಸಿದ್ದಮ್ಮ ಮೇಜಿನ ಮೇಲೆ ಹತ್ತೊಂಬತ್ತು ಕಾರ್ಡು ಇಟ್ಟಳು. ಗಂಡ ಹಿಂದೆ ನಿಂತಿದ್ದ.

"ಯಾಕಮ್ಮಾ, ಏನಾಯಿತು?"

"ಶಾಗ್ಯುಕ್ಕೆ ಓಗಿದ್ರು. ಒಂದ್ ಮನೆ ಬಾಗ್ಲು ತಟ್ಟವ್ರೆ. ಸ್ಕೂಲ್ ಮಗ ಒಂದು ಬಂದು ಕಾರ್ಡು ಇಸ್ಕಂಡು, ಒಳಗಿದ್ದ ಅವ್ರಜ್ಜಿಗೆ ಕೇಳೋ ಅಂಗೆ ಓದ್ತಂತೆ, ಹ-ರ-ಳೆಣ್ಣೆ, ಹು-ಚ್ಚೆಳ್ಳೆಣ್ಣೆ ಅಂತ. ಆ ಮುದ್ಕಿ ಅಲ್ಲಿಂದ್ಲೇ 'ಯಾವನೋ ಪ್ಯಾಟೆಯೋನು ಕಣವ್ವ, ಬ್ಯಾಡ ಅನ್ನು. ನಮ್ಗೆ ಚಿಕ್ಕಮಾದಪ್ಪ ಬತ್ತಾನೆ' ಅಂದ್ಳಂತೆ. ಇವ್ರೆಸ್ರು ಇರೋತಾಕೆ ಓದಕ್ಕೂ ಬುಡ್ನಿಲ್ಲ. ಬಾಗ್ಲು ಆಕಂಡ್ರು."

ಗುರುಸಿದ್ದಮ್ಮ ಕಾರ್ಡುಗಳನ್ನು ಜೋಡಿಸಿ ಕೋಮಲಳ ಕಡೆ ತಳ್ಳಿದಳು.

"ಒಳಿಕ್ಕೋಗಿ ಮೊಕ ತೋರುಸ್ಬಾರ್ದಾಗಿತ್ತಾ ಅಂದೆ. ಮೂವತ್ತೈದು ವರ್ಸದಲ್ಲಿ ಒಂದಿನಾನೂ ಯಾರ ಒಸ್ಲು ದಾಟಿದೋರಲ್ಲ. ಮನೇಗ್ ಬಂದು ಗಾಡಿ ಮಗ್ಗುಲಲ್ಲಿ ಕೂತ್ಕಂಡು ಅತ್ರು ಕಣವ್ವ. ಅತ್ರೂ ಸದ್ದಿಲ್ಲ."

ಕೋಮಲ ಒಂದು ಕಾರ್ಡು ಎತ್ತಿ ನೋಡಿದಳು. "ಅಕ್ಷರವೆಲ್ಲ ಸರಿಯಾಗಿಯೇ ಇದೆಯಲ್ಲಮ್ಮಾ."

"ಸರಿಯಾಗದೆ. ಅದ್ಕೇ ಬಂದಿರಾದು" ಎಂದಳು ಗುರುಸಿದ್ದಮ್ಮ. "ಇವ್ರು ಯಾವತ್ತೂ ಇಂಗ್ ಕೂಗೇ ಇಲ್ಲ. ಇವ್ರು ಕೂಗ್ತಿದ್ದುದ್ದು, ಅಳ್ಳೆಣ್ಣೇ... ಉಚ್ಚೆಳ್ಳೆಣ್ಣೇ... ಒಂಗೆಣ್ಣೇ..."

ಅವಳು ಸಣ್ಣ ದನಿಯಲ್ಲಿಯೇ ಹೇಳಿದ್ದು. ಆದರೂ ಕೋಮಲಳ ಮೈ ಜುಮ್ಮೆಂದಿತು. ಶಾಗ್ಯದ ಅವರ ಬೀದಿಗೆ ಈ ಕೂಗು ಬರುತ್ತಿದ್ದುದು ಬಿಸಿಲು ಜಗಲಿ ಹತ್ತುವ ಹೊತ್ತಿಗೆ. ಅವ್ವ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಸೀಸೆ ಹಿಡಿದು ಓಡುತ್ತಿದ್ದಳು. ವಾರಕ್ಕೊಮ್ಮೆ ಇವಳ ತಲೆಗೆ ಬೀಳುತ್ತಿದ್ದ ಹರಳೆಣ್ಣೆ ಈ ಮನುಷ್ಯನದೇ. ಒಳಗಿದ್ದು ಕೇಳಿಸಿಕೊಂಡವಳಿಗೆ ಮುಖವಾಗಲಿ ಹೆಸರಾಗಲಿ ಗುರುತಿರಲಿಲ್ಲ, ಕೂಗಿನ ಗುರುತಿತ್ತು.

ಗುರುತು ಸಿಕ್ಕಿದ್ದಕ್ಕೆ ಅವಳು ಕರಗಿಬಿಟ್ಟಳೆಂದು ತಿಳಿಯಬೇಡಿ. ಅವಳಿಗೆ ಬಂದದ್ದು ಸಿಟ್ಟು. "ಹಾಗೆಲ್ಲ ಹಾಕೋಕಾಗಲ್ಲಮ್ಮಾ. ತಪ್ಪಾಗುತ್ತೆ. ಓದಿದವರು ನಗ್ತಾರೆ" ಎಂದಳು. ಪ್ರಭುಸ್ವಾಮಿಯೂ ತಲೆ ಹಾಕಿದ: "ಊರೂರಿಗೆ ಹೋಗೋ ಕಾರ್ಡು, ನಾಳೆ ನಮ್ಮ ಪ್ರೆಸ್ಸಿನೋರಿಗೆ ಕನ್ನಡ ಬರಲ್ಲ ಅಂತಾರೆ. ಒಂದು ಕೆಲ್ಸ ಮಾಡಣ. ಮುಂದುಗಡೆ ಅವ್ರು ಹೇಳಿದ್ದು ಹಾಕಿ, ಹಿಂದುಗಡೆ ಸರಿಯಾದದ್ದು ಹಾಕಿ."

ಚಿಕ್ಕಮಾದಪ್ಪ ಮುಂದೆ ಬಂದು ನೋಟ್‌ಬುಕ್ಕು ಬಿಡಿಸಿದ. ನಿಧಾನವಾಗಿ ಬರೆದ. 'ತಪ್ಪು ನಂದು. ನಿಮ್ದಲ್ಲ.'

ಕೋಮಲ ಅದನ್ನು ಎರಡು ಸಲ ಓದಿದಳು. ಮೈಸೂರಿನಲ್ಲಿ ಐನೂರು ಪತ್ರಿಕೆ ಹಾಳಾದಾಗ, ಸಹಿ ಹಾಕಿದವನಾಗಲಿ ನೋಡಿ ಒಪ್ಪಿದವರಾಗಲಿ ಹೀಗೊಂದು ಮಾತು ಅಂದಿರಲಿಲ್ಲ. ಅಂದಿದ್ದರೆ ಅವಳು ಪೇಪರು ಹಿಡಿದು ಕೂರುತ್ತಲೇ ಇರಲಿಲ್ಲವೇನೋ. ಅಲ್ಲಿ ಒಂದು ಹಕಾರವಿಲ್ಲದ್ದಕ್ಕೆ ಅವಳು ಹೊರಗೆ ಬಂದಿದ್ದಳು. ಇಲ್ಲಿ, ಅವಳೇ ಹುಟ್ಟಿದ ಊರಿನಲ್ಲಿ, ಅವಳೇ ಹಾಕಿದ ಹಕಾರಕ್ಕೆ ಒಬ್ಬ ಮನುಷ್ಯನ ಮುಖದ ಮೇಲೆ ಬಾಗಿಲು ಮುಚ್ಚಿತ್ತು. ಅವಳಿಗೆ ನಾಚಿಕೆಯಾಯಿತು. ಇದು ಇಪ್ಪತ್ತು ವರ್ಷದಿಂದ ಹೊತ್ತುಕೊಂಡಿದ್ದ ನಾಚಿಕೆಯಲ್ಲ, ಬೇರೆ.

"ಹಿಂದುಗಡೆ ಏನೂ ಬೇಡ ಸಾರ್" ಎಂದಳು ಪ್ರಭುಸ್ವಾಮಿಗೆ.

ದೀಪ ತೆಗೆದಳು, ಗಾಣ ತೆಗೆದಳು, ಹೂವಿನ ಅಂಚೂ ಹೋಯಿತು. 'ಪ್ರೊ' ಎನ್ನುವುದನ್ನು ಅಳಿಸಿ ಹೆಸರನ್ನು ದಪ್ಪ ಮಾಡಿದಳು. ಬರಿಯ ಹಳದಿ ಕಾರ್ಡು, ಅದರ ಈ ತುದಿಯಿಂದ ಆ ತುದಿಯವರೆಗೆ ಕೂಗು. ಹಕಾರ ಇದ್ದ ಕಡೆಗಳಲ್ಲಿ ಬೆರಳು ತಾನಾಗಿಯೇ ಹಳೆಯ ಕೀಲಿಗೆ ಹೋಗುತ್ತಿತ್ತು. ಎರಡು ಸಲ ಅಳಿಸಿ ಹೊಡೆಯಬೇಕಾಯಿತು. ಅಳ್ಳೆಣ್ಣೆ. ಉಚ್ಚೆಳ್ಳೆಣ್ಣೆ. ಒಂಗೆಣ್ಣೆ. ಪರದೆಯನ್ನು ಚಿಕ್ಕಮಾದಪ್ಪನ ಕಡೆ ತಿರುಗಿಸಿದಳು. ಅವನು ನೋಡಿ, ಸರಿ ಎನ್ನುವಂತೆ ಗೋಣು ಹಾಕಿ, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ಬಲಗಡೆಗೆ ಎಳೆದ.

"ಉದ್ದ ಇರ್ಬೇಕು ಅಂತಾವ್ರೆ" ಎಂದಳು ಗುರುಸಿದ್ದಮ್ಮ.

"ಎಷ್ಟು ಉದ್ದ?"

ಅದನ್ನು ಬಾಯಲ್ಲಿ ಹೇಳಬಲ್ಲವನಿಗೆ ಬಾಯಿರಲಿಲ್ಲ. ಗುರುಸಿದ್ದಮ್ಮನ ಸಣ್ಣ ದನಿಗೆ ಆ ಉದ್ದ ಸಿಗಲಿಲ್ಲ, ಅರ್ಧಕ್ಕೇ ಕೆಮ್ಮಿದಳು. ಕೋಮಲ ಒಂದು ಏ ಸೇರಿಸಿ ಓದಿದಳು: "ಒಂಗೆಣ್ಣೇಏ." ಚಿಕ್ಕಮಾದಪ್ಪ ಸಾಲದೆಂದು ತಲೆಯಾಡಿಸಿದ, ಅಂಗೈ ಮೇಲೆತ್ತಿದ. ಇನ್ನೊಂದು ಸೇರಿಸಿ ಓದಿದಳು. ಅಂಗೈ ಇನ್ನೂ ಮೇಲೆ ಹೋಯಿತು. ಓದಿದರೆ ಆಗುವ ಕೆಲಸ ಇದಲ್ಲ ಎಂದು ಅವಳಿಗೆ ತಿಳಿಯಿತು. ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಶಾಗ್ಯದ ಬೀದಿಯನ್ನು ನೆನೆದುಕೊಂಡು, ಉಸಿರು ತುಂಬಿಕೊಂಡು, ಇಡೀ ಪ್ರೆಸ್ಸು ಕೇಳುವಂತೆ ಕೂಗಿದಳು.

"ಅಳ್ಳೆಣ್ಣೇ... ಉಚ್ಚೆಳ್ಳೆಣ್ಣೇ... ಒಂಗೆಣ್ಣೇಏಏಏಏ..."

ಚಿಕ್ಕಮಾದಪ್ಪನ ಕೈ ಮೇಲಕ್ಕೇ ಹೋಗಿ ಹೋಗಿ ಒಂದು ಕಡೆ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ಅವನ ಕಣ್ಣು ತುಂಬಿತ್ತು. ಪ್ರಭುಸ್ವಾಮಿ ಬಿಲ್ ಪುಸ್ತಕ ಮುಚ್ಚಿದ. ಕೋಮಲ ಕೂತು ನಾಲ್ಕು ಏ ಹೊಡೆದಳು. ಅವಳಿಗೆ ಬಹಳ ಖುಷಿಯಾಗಿತ್ತು.

ಹೊರಗೆ ಹನೂರಿನ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, ಕೈಚೀಲ ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲ ಮೇಲೆ ನಿಂತು ಒಳಗೆ ಇಣುಕಿದಳು.

"ಕೂಗು ಕೇಳುಸ್ತು. ನಮ್ ಎಣ್ಣೆ ಚಿಕ್ಕಮಾದಪ್ಪ ಇಲ್ಲಿಗ್ ಬಂದವ್ರಾ? ಎಷ್ಟು ದಿನಾಗೋಯ್ತು, ಎಲ್ಲೋದ್ರೋ ಅಂತಿದ್ದೋ."

ಚಿಕ್ಕಮಾದಪ್ಪ ಬಾಗಿಲ ಕಡೆ ತಿರುಗಿದ. ಅವನ ಬದಲು ಕೋಮಲಳೇ ಮಾತಾಡಿದಳು.

"ಊ ಕಣಕ್ಕ, ಇಲ್ಲೇ ಅವ್ರೆ. ಒಳಿಕ್ ಬಾ."