ವೇಣೂರಿನ ಕೆಸರು, ವಾಮನ ಹೆಗ್ಡೆಯವರ ಬಲಗೈ

೧೯೬೩ರಲ್ಲಿ ಪರಾಗ ಸಂಶೋಧನೆಯ ಯೋಜನೆಯೊಂದರ ಕಿರಿಯ ಅಧಿಕಾರಿಯಾಗಿ ನಾನು ಮೂಡುಬಿದಿರೆಗೆ ಬಂದೆ. ಹೂವಿನ ಪರಾಗಕಣದ ಹೊರಕವಚ ಬಹಳ ಗಟ್ಟಿ. ಗಾಳಿಯಾಡದ ಕೆಸರಿನಲ್ಲಿ ಹೂತುಹೋದರೆ ಸಾವಿರಾರು ವರ್ಷ ಉಳಿಯುತ್ತದೆ. ಕೆಸರನ್ನು ಪದರ ಪದರವಾಗಿ ತೆಗೆದು ಯಾವ ಆಳದಲ್ಲಿ ಯಾವ ಮರದ ಪರಾಗವಿದೆ ಎಂದು ನೋಡಿದರೆ, ಆ ಕಾಲದ ಕಾಡನ್ನೂ ಮಳೆಯನ್ನೂ ಅಂದಾಜು ಮಾಡಬಹುದು. ಈ ಕಣಿವೆಗಳಲ್ಲಿ ಗದ್ದೆಗಳಿಗಿಂತ ಮೊದಲು ಏನಿತ್ತು ಎಂಬುದು ನಮ್ಮ ಪ್ರಶ್ನೆಯಾಗಿತ್ತು.

ನನ್ನ ಸಹೋದ್ಯೋಗಿ ಬೆಳ್ತಂಗಡಿ ಕಡೆಯ ವಾಮನ ಹೆಗ್ಡೆ. ಸಸ್ಯಶಾಸ್ತ್ರ ಓದಿದ್ದರು, ಆದರೆ ಅವರನ್ನು ಆರಿಸಿದ್ದು ಚಿತ್ರ ಬರೆಯುವ ಕೈಗಾಗಿ. ಒಂದು ಕಣ್ಣು ಮೈಕ್ರೋಸ್ಕೋಪಿನಲ್ಲಿ, ಇನ್ನೊಂದು ಕಾಗದದ ಮೇಲೆ. ಪರಾಗದ ಮುಳ್ಳು, ರಂಧ್ರ, ಗೆರೆ ಎಲ್ಲವೂ ಅವರ ಪೆನ್ಸಿಲಿನಡಿ ಮೂಡುತ್ತಿದ್ದವು. ನಾನು ಮೈಸೂರಿನವನು, ತುಳು ಬಾರದು. ನನಗಾಗಿ ಅವರು ನಿಧಾನವಾದ ಕನ್ನಡದಲ್ಲಿ ಮಾತಾಡುತ್ತಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ವೇಣೂರಿನ ಬಳಿ ಫಲ್ಗುಣಿ ನದಿಗೆ ಸೇರುವ ತೋಡಿನ ಪಕ್ಕದ ಜೌಗಿನಲ್ಲಿ ಕೈಯಿಂದ ತಿರುಗಿಸುವ ಕೊರೆಯುವ ಸಲಾಕೆ ಇಳಿಸಿದೆವು. ಮೇಲೆ ಬಂದ ಕಪ್ಪು ಕೆಸರನ್ನು ಮೂಸಿ ಹೆಗ್ಡೆಯವರು, "ಇದರಲ್ಲಿ ಇದ್ದೇ ಉಂಟು" ಎಂದರು. ನನಗೂ ಹಾಗೇ ಅನಿಸಿತು.

ಕೆಸರಿನಲ್ಲಿರುವ ಮರಳನ್ನು ಕರಗಿಸಲು ಹೈಡ್ರೋಫ್ಲೋರಿಕ್ ಆಸಿಡ್ ಬೇಕು. ಅದು ಗಾಜನ್ನೂ ತಿನ್ನುತ್ತದೆ. ಹೊಗೆ ಎಳೆಯುವ ಕಪಾಟು ಕೊಡಿ, ಒಳ್ಳೆಯ ಕೈಗವಸು ಕಳುಹಿಸಿ ಎಂದು ಮೇಲಿನವರಿಗೆ ಹಲವು ಸಲ ಬರೆದಿದ್ದೆ. ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂದಿತ್ತು. ಬಾಡಿಗೆ ಮನೆಯ ಹಿಂಜಗಲಿಯೇ ನಮ್ಮ ಪ್ರಯೋಗಶಾಲೆ.

ಒಂದು ಬೆಳಿಗ್ಗೆ ಆಸಿಡ್ಡಿನ ಕೆಲಸ ಮುಗಿಸಿ ಹೆಗ್ಡೆಯವರು ಕೈಗವಸು ತೆಗೆದಾಗ ಬಲಗೈಯ ಬೆರಳುಗಳು ಒದ್ದೆಯಾಗಿದ್ದವು. ರಬ್ಬರು ಎಲ್ಲೋ ತೂತಾಗಿತ್ತು. ತಕ್ಷಣ ಬಾವಿಯ ನೀರು ಸುರಿದೆವು.

"ಉರಿಯುತ್ತದೆಯೇ?" ಎಂದು ಕೇಳಿದೆ.

"ಇಲ್ಲ ಮಾರಾಯ್ರೆ. ಏನೂ ಆಗಲಿಲ್ಲ."

ಆದರೂ ಬಿಡದೆ ಊರಿನ ಡಾಕ್ಟರರಲ್ಲಿಗೆ ಕರೆದೊಯ್ದೆ. ಆ ಆಸಿಡ್ಡಿನ ಗಾಯವನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಬೆರಳ ತುದಿ ಸ್ವಲ್ಪ ಕೆಂಪಾಗಿತ್ತು, ಅಷ್ಟೆ. ಮುಲಾಮು ಹಚ್ಚಿ ಕಳುಹಿಸಿದರು. ಸಂಜೆಗೆ ನೋವು ಶುರುವಾಯಿತು. ಎಂದೂ ದನಿ ಎತ್ತದ ಮನುಷ್ಯ ಕೈಯನ್ನು ಹೊಟ್ಟೆಗೊತ್ತಿಕೊಂಡು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಬಾಡಿಗೆ ಕಾರು ಹುಡುಕಿ ಮಂಗಳೂರಿಗೆ ಹೋದೆವು. ಆಸಿಡ್ ಚರ್ಮವನ್ನು ಬಿಟ್ಟು ಒಳಗಿನ ಎಲುಬನ್ನು ತಿಂದಿದೆ ಎಂದು ಅಲ್ಲಿಯ ಸರ್ಜನ್ ಹೇಳಿದರು. ಬಲಗೈಯ ಹೆಬ್ಬೆರಳನ್ನೂ ಅದರ ಪಕ್ಕದ ಎರಡು ಬೆರಳುಗಳನ್ನೂ ತೆಗೆಯಬೇಕಾಯಿತು.

ಉಳಿದ ಕೆಲಸವನ್ನು ನಾನೊಬ್ಬನೇ ಮುಗಿಸಿದೆ. ಮೇಲಿನ ಪದರದಿಂದ ಕೆಳಗಿನವರೆಗೆ ಒಂದು ಸ್ಲೈಡಿನಲ್ಲೂ ಪರಾಗವಿರಲಿಲ್ಲ. ಇದ್ದಿಲಿನ ಚೂರುಗಳು ಮಾತ್ರ.

ಮಳೆ ಹಿಡಿಯುವ ಮೊದಲು ಹೆಗ್ಡೆಯವರು ಹೆಂಡತಿ ಸುನಂದಾ ಜೊತೆ ಬಂದರು. "ನೋಡಲೇಬೇಕಂತೆ. ಮನೆಯಲ್ಲಿ ಬೇರೆ ಮಾತೇ ಇಲ್ಲ" ಎಂದರು ಆಕೆ. ಸುಳ್ಳು ಹೇಳುವಂತಿರಲಿಲ್ಲ. ಅವರು ಎಡಗೈಯಿಂದ ಸ್ಲೈಡುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಬಹಳ ಹೊತ್ತಾಯಿತು.

"ಒಂದೂ ಇಲ್ಲವಾ?"

"ಆ ಜೌಗು ಹಿಂದೆ ಯಾವುದೋ ಕಾಲದಲ್ಲಿ ಆಳದವರೆಗೂ ಒಣಗಿ ಬಿರುಕು ಬಿಟ್ಟಿರಬೇಕು. ಗಾಳಿ ಹೊಕ್ಕು ಪರಾಗವೆಲ್ಲ ಯಾವಾಗಲೋ ನಾಶವಾಗಿದೆ."

"ಮೊದಲೇ ತಿಳಿಯುವ ದಾರಿ ಇರಲಿಲ್ಲವಾ?"

"ಇರಲಿಲ್ಲ. ಆಸಿಡ್ಡಿಗೆ ಹಾಕಿದ ಮೇಲೆಯೇ ಗೊತ್ತಾಗುವುದು."

ಅವರು ತಲೆಯಾಡಿಸಿದರು. ಸುನಂದಾ ಗಂಡನ ತೋಳು ಹಿಡಿದು, "ಬಸ್ಸು ತಪ್ಪುತ್ತದೆ, ಹೋಗುವ" ಎಂದರು.

ಮರುವರ್ಷ ಯೋಜನೆ ನಿಂತಿತು. ಹೆಗ್ಡೆಯವರು ಪಾಣೆಮಂಗಳೂರಿನಲ್ಲಿ ಭಾವನ ಬಟ್ಟೆ ಅಂಗಡಿಯಲ್ಲಿ ಕೂತರು. ಒಮ್ಮೆ ಹೋಗಿ ಮಾತಾಡಿಸಿದೆ. ಚಹಾ ತರಿಸಿದರು, ಮಳೆಯ ವಿಷಯ ಮಾತಾಡಿದರು. ಗಿರಾಕಿ ಬಂದಾಗ ಎಡಗೈಯಿಂದ ನಿಧಾನವಾಗಿ ಬಿಲ್ಲು ಬರೆದುಕೊಟ್ಟರು.

ಆಮೇಲೆ ನಿವೃತ್ತಿಯವರೆಗೂ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತಿದ್ದೆ: ಈ ಆಸಿಡ್ ತಾಗಿದಾಗ ನೋವಾಗುವುದಿಲ್ಲ, ನೋವಿಲ್ಲವೆಂದು ಸುಮ್ಮನಿರಬೇಡಿ. ಅವರು ಬರೆದುಕೊಳ್ಳುತ್ತಿದ್ದರು. ಕೆಲಸ ನನಗೆ ಕಲಿಸಿದ ಇನ್ನೊಂದು ಪಾಠವನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಕೆಲವು ಸಲ ವಿಜ್ಞಾನ ಮನುಷ್ಯನಿಂದ ಕಿತ್ತುಕೊಂಡದ್ದಕ್ಕೆ ಏನನ್ನೂ ಹಿಂದಿರುಗಿಸುವುದಿಲ್ಲ. ಯೋಜನೆಯ ವರದಿಯಲ್ಲಿ ವೇಣೂರಿಗೆ ಸಿಕ್ಕಿದ್ದು ಒಂದೇ ಸಾಲು: ಮಾದರಿಯಲ್ಲಿ ಪರಾಗವಿಲ್ಲ.