ಕುದಿದ ಹಾಲಿಗೆ ಬಿದ್ದ ಪಚ್ಚೆ

ಬುಧವಾರ. ಬೆಳಗಾಗಿದೆ ಎಂದು ಗಡಿಯಾರ ಹೇಳುತ್ತಿದೆ, ದೆಹಲಿಯ ಆಕಾಶ ಮಾತ್ರ ಇನ್ನೂ ಒಪ್ಪಿಲ್ಲ. ಕಿಟಕಿಯಾಚೆ ಡಿಸೆಂಬರಿನ ಮಂಜು. ಮುನಿರ್ಕಾದ ಮೂರನೇ ಮಹಡಿಯ ಕೋಣೆಯಲ್ಲಿ ಚಂದ್ರಕಾಂತ ಶೇಟ್ ಗಿಡ್ಡ ಮೇಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಚಹಾದ ಲೋಟಕ್ಕೆ ಅಂಗೈ ಒತ್ತಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಕೈ ಮರಗಟ್ಟಿದ್ದರೆ ಹರಳು ಮುಟ್ಟುವ ಹಾಗಿಲ್ಲ. ಸೂರ್ಯನ ಬೆಳಕಿಲ್ಲದಿದ್ದರೆ ಪಚ್ಚೆಯ ಹತ್ತಿರವೂ ಸುಳಿಯುವ ಹಾಗಿಲ್ಲ.

ಅವರೆದುರು ಶಾಲು ಬಿಗಿಯಾಗಿ ಹೊದ್ದ ಪಂಕಜಾ ಕೂತಿದ್ದಾರೆ. ಪಕ್ಕದ ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಿಂದ ಆಟೊ ಹಿಡಿದು ಬಂದವರು. ತೀರಿಹೋದ ತಾಯಿಯ ಪಚ್ಚೆಯನ್ನು ಮಗಳು ಪ್ರಕೃತಿಗೆಂದು ಉಂಗುರ ಮಾಡಿಸಿ, ಮೊನ್ನೆಯಷ್ಟೇ ಇಲ್ಲಿಂದ ಒಯ್ದಿದ್ದರು. ಈಗ ಅದೇ ಉಂಗುರ ಮೇಜಿನ ಮೇಲಿದೆ.

"ಶೇಟ್ರೇ, ಇದು ನಮ್ಮಮ್ಮನ ಕಲ್ಲಲ್ಲ. ನಾನು ಕೊಟ್ಟಿದ್ದು ಗರಿಕೆ ಹಸಿರು. ಇದರಲ್ಲಿ ನೋಡಿ, ಬರೀ ಬಿಳಿ ಬಿರುಕು. ಕಲ್ಲು ಬದಲಾಗಿದೆ."

ಬದಲಾಗಿದೆ ಎಂದರೆ ಬದಲಾಯಿಸಿದ್ದೀರಿ ಎಂದೇ ಅರ್ಥ. ಹರಳು ಕೂರಿಸುವವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಸಂಜೆಯೊಳಗೆ ಈ ಮಾತು ಆರ್.ಕೆ.ಪುರಂನ ಕನ್ನಡದ ಮನೆಗಳನ್ನೆಲ್ಲ ಸುತ್ತಿಬಂದರೆ ಚಂದ್ರಕಾಂತರ ಕತೆ ಮುಗಿದ ಹಾಗೆಯೇ.

ಕುಮಟಾದ ಅಕ್ಕಸಾಲಿಗರ ಮನೆಯ ಈ ಮನುಷ್ಯ ಮೀಸೆ ಮೂಡುವ ಮೊದಲೇ ಚಿಕ್ಕಪ್ಪನ ಬೆನ್ನು ಹಿಡಿದು ದೆಹಲಿಗೆ ಬಂದವರು. ಕರೋಲ್ ಬಾಗಿನಲ್ಲಿ ಬಂಗಾಳಿ ಉಸ್ತಾದರೊಬ್ಬರ ಕೈಕೆಳಗೆ ಕೆಲಸ ಕಲಿತರು. ಒಡವೆಯ ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರು ಮಿಂಚುತ್ತದೆ, ಹರಳು ಕೂರಿಸಿದವನ ಹೆಸರು ಯಾರಿಗೆ ಬೇಕು? ಮನೆಗಳ ನಡುವಿನ ಅಂಗಡಿ, ಕಾರ್ಖಾನೆಗಳಿಗೆ ಪಾಲಿಕೆ ಬೀಗ ಜಡಿದ ಈ ವರ್ಷದ ಸೀಲಿಂಗ್ ಗಲಾಟೆಯಲ್ಲಿ ಅವರು ಕೂರುತ್ತಿದ್ದ ಕಾರ್ಖಾನೆಗೂ ಬೀಗ ಬಿತ್ತು. ಅಂದಿನಿಂದ ಈ ಕೋಣೆಯೇ ಮನೆ, ಇದೇ ಕಾರ್ಖಾನೆ. ದಿನಕ್ಕೆ ಎಂಟೋ ಹತ್ತೋ ಉಂಗುರ. ಪಚ್ಚೆ ಬಂದ ದಿನ ಅದೊಂದೇ.

ಹಿರಿಯರು ಬುಧಗ್ರಹಕ್ಕೆಂದು ಪಚ್ಚೆ ತರುತ್ತಾರೆ. ಗುರಗಾಂವಿನ ಕಂಪನಿಗಳ ಹುಡುಗರು ಮೇ ತಿಂಗಳ ಜನ್ಮರತ್ನವೆಂದು ತರುತ್ತಾರೆ. ಇಬ್ಬರಿಗೂ ಚಂದ್ರಕಾಂತ ಒಂದೇ ಕತೆ ಹೇಳುತ್ತಾರೆ. ಸತ್ತ ಅಸುರನೊಬ್ಬನ ಪಿತ್ತವನ್ನು ವಾಸುಕಿ ಹೊತ್ತೊಯ್ಯುತ್ತಿದ್ದನಂತೆ. ಗರುಡ ಅಡ್ಡಹಾಕಿದ. ಹೆದರಿದ ಹಾವು ಅದನ್ನು ಬೆಟ್ಟದ ಬುಡದಲ್ಲಿ ಚೆಲ್ಲಿ ಓಡಿತು. ಅದೇ ಮರಕತವಾಯಿತು. "ಹೆದರಿಕೆಯಲ್ಲಿ ಹುಟ್ಟಿದ ಕಲ್ಲು, ಅದಕ್ಕೇ ಇಷ್ಟು ಪುಕ್ಕಲು" ಎಂದು ನಗುತ್ತಾರೆ. ಈಜಿಪ್ಟಿನ ರಾಣಿಯರು ಮೆರೆಸಿದ, ಸ್ಪೇನಿನವರು ಕಡಲಾಚೆಯ ಕೊಲಂಬಿಯಾದಿಂದ ಹಡಗಿಗೆ ಹೇರಿದ, ಇದೇ ದೆಹಲಿಯ ಬಾದಶಹರು ಅಕ್ಷರ ಕೊರೆಸಿಕೊಂಡ ಕಲ್ಲು ಇದು. ಇಷ್ಟೆಲ್ಲ ದೊಡ್ಡಸ್ತಿಕೆಯಿದ್ದರೂ ಒಳಗೆ ಬಿರುಕಿಲ್ಲದ ಪಚ್ಚೆ ಸಿಗುವುದೇ ಅಪರೂಪ. ಆ ಬಿರುಕಿಗೆ ವ್ಯಾಪಾರಿಗಳು ಎಣ್ಣೆ ಕುಡಿಸುತ್ತಾರೆ. ಎಣ್ಣೆ ಇರುವವರೆಗೆ ಬಿರುಕು ಕಾಣುವುದಿಲ್ಲ.

ಇವತ್ತು ನಗುವಿಲ್ಲ. "ಅಕ್ಕಾ, ಹಾಲಲ್ಲಿ ಇಟ್ರಾ?" ಎಂದು ಕೇಳುತ್ತಾರೆ.

"ಇಡದೆ? ಧರಿಸೋ ಮುಂಚೆ ಹಾಲಲ್ಲಿಡಿ ಅಂತ ನೀವೇ ಹೇಳಿದ್ರಲ್ಲ."

"ತಣ್ಣಗಿನ ಹಾಲು ತಾನೇ?"

"ಈ ಚಳೀಲಿ ಫ್ರಿಜ್ಜಿನ ಹಾಲಾ? ನಮ್ಮ ದೇವರಮನೆ ಬಾಲಕೃಷ್ಣನಿಗೇ ಸ್ವೆಟರ್ ಹಾಕಿ ಬಿಸಿನೀರಲ್ಲಿ ಮೀಯಿಸ್ತೀನಿ. ಒಂಚೂರು ಬೆಚ್ಚಗಾಗಲಿ ಅಂತ ಉಂಗುರದ ಸಮೇತ ಒಲೆ ಮೇಲಿಟ್ಟೆ. ದೀಪ ಹಚ್ಚಿ ಬರೋದ್ರಲ್ಲಿ ಹಾಲು ಉಕ್ಕಿಬಿಟ್ಟಿತ್ತು."

ಊರಿನಲ್ಲಿದ್ದಿದ್ದರೆ ಪಂಕಜಾ ದೇವರಿಗೆ ಸ್ವೆಟರ್ ಹಾಕುತ್ತಿರಲಿಲ್ಲ. ದೆಹಲಿಯ ನೆರೆಹೊರೆ ಕಲಿಸಿದ ಭಕ್ತಿ ಅದು. ಕುದಿಗೆ ಎಣ್ಣೆಯೆಲ್ಲ ಬಿಟ್ಟುಹೋಗಿ, ತಲೆಮಾರಿನಿಂದ ಅಡಗಿದ್ದ ಬಿರುಕುಗಳು ಎದ್ದು ಕೂತಿವೆ.

"ತಪ್ಪು ನಂದೂ ಇದೆ. ಬಿಸಿ ಮಾಡ್ಬೇಡಿ ಅಂತ ಹೇಳ್ಬೇಕಿತ್ತು, ಹೇಳಲಿಲ್ಲ."

"ಅಚ್ಛಾ, ಅದೆಲ್ಲ ಇರಲಿ. ಇದೇ ನಮ್ಮಮ್ಮನ ಕಲ್ಲು ಅಂತ ನಾನು ಹೇಗೆ ನಂಬ್ಲಿ?"

ನಂಬಿಸಲು ಒಂದು ದಾರಿಯಿದೆ. ಹರಳು ತೆಗೆದುಕೊಳ್ಳುವಾಗ ಚಂದ್ರಕಾಂತ ಚೀಟಿ ಬರೆಯುವುದಿಲ್ಲ. ತಂದವರ ಕೈಗೇ ಭೂತಗನ್ನಡಿ ಕೊಟ್ಟು, "ಒಳಗೆ ಏನು ಕಾಣುತ್ತೆ, ಹೇಳಿ" ಎನ್ನುತ್ತಾರೆ. ಅವರು ಏನು ಹೇಳುತ್ತಾರೋ ಆ ಕಲ್ಲಿಗೆ ಅದೇ ಹೆಸರು, ಅದೇ ಗುರುತು. ಕಲ್ಲು ತಂದ ದಿನ ಪಂಕಜಾ ಕೂಡ ಹಾಗೆ ಒಂದು ಹೆಸರಿಟ್ಟಿದ್ದರು. ಆದರೆ ಈಗ ಭೂತಗನ್ನಡಿ ಹಿಡಿದರೂ ಪಂಕಜಾಗೆ ಕಾಣುವುದು ಬಿಳಿ ಗೀರುಗಳೇ. ಮತ್ತೆ ಎಣ್ಣೆ ಕುಡಿಸಬೇಕು. ಅದಕ್ಕೆ ಕಲ್ಲನ್ನು ಉಂಗುರದಿಂದ ಬಿಡಿಸಬೇಕು. ಬೆಂದ ಪಚ್ಚೆ ಬಿಡಿಸುವಾಗ ಎರಡು ಹೋಳಾದರೆ? ಆಗ ಕಳ್ಳನೆಂಬ ಹೆಸರಿನ ಜೊತೆಗೆ ಕಲ್ಲು ಒಡೆದವನೆಂಬ ಹೆಸರೂ ಸೇರುತ್ತದೆ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಇವತ್ತು ಎರಡೂ ಈ ಮೇಜಿನ ಮೇಲೇ ಇದೆ" ಎನ್ನುತ್ತಾರೆ ಚಂದ್ರಕಾಂತ.

"ನನ್ನ ಕಣ್ಣೆದುರೇ ಮಾಡಿ. ನಾನು ಏಳಲ್ಲ" ಎನ್ನುತ್ತಾರೆ ಪಂಕಜಾ.

ಮಂಜು ಸ್ವಲ್ಪ ಸಡಿಲಾಗುತ್ತದೆ. ಬೇರೆ ಉಂಗುರವನ್ನಾದರೆ ಬಿಸಿ ಅರಗಿನಲ್ಲಿ ಹೂತು ಹಿಡಿಯುತ್ತಾರೆ. ಇದನ್ನು ಮರದ ಇಕ್ಕಳಕ್ಕೆ ಸಿಕ್ಕಿಸಿ, ಕಲ್ಲನ್ನು ಹಿಡಿದ ಚಿನ್ನದ ಕಾಲುಗಳನ್ನು ತೆಳ್ಳನೆಯ ಉಳಿಯಿಂದ ಒಂದೊಂದಾಗಿ ಮೀಟುತ್ತಾರೆ. ಉಸಿರು ಬಿಡುವುದಕ್ಕೂ ಹೆದರಿಕೆ. ಒಂದು ಕಾಲು ಎದ್ದಿತು. ಇನ್ನೊಂದು. ಮೂರನೆಯದು ಬಿರುಕಿನ ತುದಿಯಲ್ಲೇ ಕೂತಿದೆ. ಉಳಿ ತಾಗುತ್ತದೆ.

ಟಕ್.

ಪಂಕಜಾ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಚಂದ್ರಕಾಂತರ ಹಣೆಯಲ್ಲಿ ಈ ಚಳಿಯಲ್ಲೂ ಬೆವರು. ಬಗ್ಗಿ ನೋಡುತ್ತಾರೆ. ಮುರಿದದ್ದು ಚಿನ್ನದ ಕಾಲು. ಕಲ್ಲು ಇಡಿಯಾಗಿ ಅಂಗೈಗೆ ಉರುಳುತ್ತದೆ.

ತಿಳಿಯಾದ ಎಣ್ಣೆಯ ಹನಿಯೊಂದನ್ನು ಬಿರುಕಿನ ಬಾಯಿಗೆ ಮುಟ್ಟಿಸಿ ಕಾಯುತ್ತಾರೆ. ಬಿಳಿ ಗೀರೊಂದು ನಿಧಾನವಾಗಿ ಅಳಿಸಿಹೋಗುತ್ತದೆ. ಅದರ ಹಿಂದೆ ಇನ್ನೊಂದು. ಕಿಟಕಿಗೆ ಬಿಸಿಲಿನ ಮೊದಲ ಎಳೆ ಬಂದಾಗ ಕಲ್ಲನ್ನು ಅದಕ್ಕೆ ಹಿಡಿದು, ಭೂತಗನ್ನಡಿಯನ್ನು ಪಂಕಜಾಗೆ ಕೊಡುತ್ತಾರೆ. ಅಂದು ಅವರು ಇಟ್ಟ ಹೆಸರನ್ನು ತಾವಾಗಿ ಹೇಳುವುದಿಲ್ಲ. ಹೇಳಿದರೆ ಅದು ಸಾಕ್ಷಿ ಹೇಗಾದೀತು?

ಪಂಕಜಾ ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ.

"ತುಳಸಿಕಟ್ಟೆ ಮುಂದೆ ಕೂತಿದಾಳೆ" ಎನ್ನುತ್ತಾರೆ. "ಅಮ್ಮ. ಅವತ್ತು ಕಂಡ ಹಾಗೇ."

ಆಮೇಲಷ್ಟೇ ಚಂದ್ರಕಾಂತ ಕಲ್ಲನ್ನು ಎಣ್ಣೆಯ ಬಟ್ಟಲಿಗೆ ಇಳಿಸಿ, ಆರಿದ ಚಹಾ ಕುಡಿಯುತ್ತಾರೆ. ಕಲ್ಲು ವಾರವಿಡೀ ಎಣ್ಣೆಯಲ್ಲಿ ನೆನೆಯಬೇಕು, ಉಂಗುರಕ್ಕೆ ಹೊಸ ಕಾಲು ಬೇಕು. "ಕಲ್ಲು ಮನೆಗೆ ಒಯ್ಯಿರಿ ಅಕ್ಕಾ. ಎಣ್ಣೆ ಕೊಡ್ತೀನಿ, ಅಲ್ಲೇ ನೆನೆಹಾಕಿ. ನಿಮ್ಮ ಕಣ್ಣೆದುರೇ ಇರುತ್ತೆ" ಎನ್ನುತ್ತಾರೆ.

ಪಂಕಜಾ ಶಾಲು ಸರಿಮಾಡಿಕೊಂಡು ಏಳುತ್ತಾರೆ. ಕಲ್ಲಿದ್ದ ಎಣ್ಣೆಯ ಬಟ್ಟಲನ್ನು ಚಂದ್ರಕಾಂತರತ್ತಲೇ ಸರಿಸುತ್ತಾರೆ. "ಮುಂದಿನ ಬುಧವಾರ ಪ್ರಕೃತಿನ ಕರ್ಕೊಂಡು ಬರ್ತೀನಿ. ಅವಳಿಗೂ ಅಜ್ಜಿನ ತೋರಿಸಿ."

ಆಟೊದ ಸದ್ದು ಗಲ್ಲಿಯಲ್ಲಿ ಕರಗುವವರೆಗೂ ಚಂದ್ರಕಾಂತ ಬಟ್ಟಲನ್ನು ಮುಟ್ಟುವುದಿಲ್ಲ.

"ಕಲ್ಲು ಬಿಟ್ಟು ಹೋದ್ರು" ಎಂದು ಕೊನೆಗೆ ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ನನಗೆ ಅಷ್ಟು ಸಾಕು."